ಉದ್ಯೋಗ ಜಾಹೀರಾತಿನಲ್ಲಿ ಸಂಬಳ ಕೊಡುವವರ ಹೆಸರಿರಲಿ

ಮಾನ್ಯ ಸಂಪಾದಕರೇ,

ಐಟಿಐ, ಡಿಪ್ಲೊಮಾ, ಪದವಿ ಫಲಿತಾಂಶ ಬರುವ ಹೊತ್ತಿಗೆ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ, ಪತ್ರಿಕೆಗಳ ಕಿರು ಜಾಹೀರಾತುಗಳಲ್ಲಿ ಉದ್ಯೋಗಾವಕಾಶಗಳು ಸಾಲುಗಟ್ಟುತ್ತವೆ. ಎಕ್ಸಿಕ್ಯುಟಿವ್, ಅಸೋಸಿಯೇಟ್, ಟ್ರೈನಿ, ಆಫೀಸರ್ ಎಂಬ ಹೆಸರು ನೋಡಿ ಅರ್ಜಿ ಹಾಕಿದ ಎಷ್ಟೋ ಮಕ್ಕಳಿಗೆ, ಹೇಳಿದ ಕೆಲಸವೇ ಬೇರೆ, ಮಾಡಿಸುವ ಕೆಲಸವೇ ಬೇರೆ ಎಂದು ತಿಳಿಯುವುದು ಸೇರಿದ ಮೇಲೆ. ಅಷ್ಟರಲ್ಲಿ ಬೇರೆ ಕಡೆಯ ಸಂದರ್ಶನಗಳು ಮುಗಿದುಹೋಗಿರುತ್ತವೆ. ಹುದ್ದೆಗೆ ಯಾವ ಹೆಸರನ್ನಾದರೂ ಇಡಬಹುದು. ಆದರೆ ಸಂಬಳ ಯಾರು ಕೊಡುತ್ತಾರೆ, ಯಾವ ಲೆಕ್ಕದಲ್ಲಿ ಕೊಡುತ್ತಾರೆ ಎಂಬುದನ್ನು ಕಾಗದದ ಮೇಲೆ ಮುಚ್ಚಿಡುವುದು ಕಷ್ಟ. ಜಾಹೀರಾತನ್ನು ಅಲ್ಲಿಂದಲೇ ಓದಲು ಶುರು ಮಾಡಬೇಕು.

ನಮ್ಮ ಭಾಗದಲ್ಲಿ ಹೆಚ್ಚಿನ ಗೊಂದಲ ಕಾರ್ಖಾನೆ ಕೆಲಸದಲ್ಲಿ. ತೋರಣಗಲ್ಲಿನಲ್ಲಿ, ಗಿಣಿಗೇರಾದಲ್ಲಿ, ಶಕ್ತಿನಗರದಲ್ಲಿ ಕೆಲಸ ಎಂದಿರುತ್ತದೆ, ದೊಡ್ಡ ಕಾರ್ಖಾನೆಯ ಹೆಸರೂ ಇರುತ್ತದೆ. ಜಾಹೀರಾತು ಹಾಕಿದವರು ಮಾತ್ರ ಅಲ್ಲಿ ಕೆಲಸ ಹಿಡಿದ ಕಂಟ್ರಾಕ್ಟರ್ ಅಥವಾ ಆಳು ಒದಗಿಸುವ ಏಜೆನ್ಸಿ. ‘ಆಫ್ ರೋಲ್’, ‘ಥರ್ಡ್ ಪಾರ್ಟಿ ಪೇರೋಲ್’ ಎಂಬ ಮಾತು ಕಂಡರೆ ನೌಕರಿ ಕೊಡುತ್ತಿರುವವರು ಕಾರ್ಖಾನೆಯವರಲ್ಲ ಎಂದೇ ತಿಳಿಯಬೇಕು. ಅದು ಕೆಟ್ಟ ಕೆಲಸ ಎಂದಲ್ಲ. ಕೈಕೆಲಸ ಕಲಿಯಲು ಹಲವರಿಗೆ ಸಿಗುವ ಮೊದಲ ದಾರಿಯೇ ಅದು. ಆದರೆ ಕಂಟ್ರಾಕ್ಟ್ ಮುಗಿದು ಬೇರೊಬ್ಬರು ಬಂದರೆ ಗೇಟ್ ಪಾಸ್ ಹೊಸದು, ಸರ್ವಿಸ್ ಎಣಿಕೆಯೂ ಸಾಮಾನ್ಯವಾಗಿ ಹೊಸದು. ಹೊಸ ಕಂಟ್ರಾಕ್ಟರ್ ಇನ್ನೊಂದು ಯುಎಎನ್ (ಪಿಎಫ್ ಸದಸ್ಯನ ಗುರುತು ಸಂಖ್ಯೆ) ಮಾಡಿಸಲು ಹೊರಟರೆ ಒಪ್ಪಬಾರದು. 12 ಅಂಕಿಯ ಹಳೆಯ ಸಂಖ್ಯೆಯನ್ನೇ ಕೊಡಬೇಕು, ಇಲ್ಲದಿದ್ದರೆ ಪಿಎಫ್ ಹಣ ಎರಡು ಕಡೆ ಹಂಚಿಹೋಗಿ ತೆಗೆಯುವಾಗ ಅಲೆದಾಟ ತಪ್ಪುವುದಿಲ್ಲ. ನಿಜವಾದ ಮಾಲೀಕರು ಯಾರೆಂದು ತಿಳಿಯಬೇಕಾದರೆ, ಆ ಕಾರ್ಖಾನೆಯಲ್ಲಿ ಈಗಾಗಲೇ ಅದೇ ಕೆಲಸದಲ್ಲಿರುವ ಪರಿಚಿತರ ಪಿಎಫ್ ಪಾಸ್‌ಬುಕ್ ನೋಡಿದರೆ ಸಾಕು. ಸಂಸ್ಥೆಯ ಹೆಸರು ಅದರಲ್ಲಿ ಅಚ್ಚಾಗಿರುತ್ತದೆ.

‘ಫಿಕ್ಸೆಡ್ ಟರ್ಮ್’ ಎಂಬುದನ್ನು ಇದರೊಂದಿಗೆ ಬೆರೆಸಿ ಅರ್ಜಿಯನ್ನೇ ಹಾಕದವರಿದ್ದಾರೆ. ಅದು ಬೇರೆ. ಇಲ್ಲಿ ಕಂಪನಿಯೇ ನೇರವಾಗಿ ನಿಗದಿತ ಅವಧಿಗೆ ತೆಗೆದುಕೊಳ್ಳುತ್ತದೆ, ಅದೇ ಕೆಲಸದ ಕಾಯಂ ನೌಕರರಿಗಿರುವ ಸಂಬಳ, ಸೌಲಭ್ಯ ಕೊಡಬೇಕಾಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಇಂಥವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಯ ಲೆಕ್ಕದಲ್ಲಿ ಸಿಗುವ ಇಡಿಗಂಟು) ಸಲ್ಲುತ್ತದೆ. ನೇಮಕಾತಿ ಪತ್ರ ಕೊಡುವುದನ್ನೂ ಈ ಸಂಹಿತೆಗಳು ಕಡ್ಡಾಯ ಮಾಡಿವೆ. ‘ಮೂರು ತಿಂಗಳು ಕೆಲಸ ಮಾಡಿ ತೋರಿಸಿ, ಆಮೇಲೆ ಲೆಟರ್’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಕಾಗಿಲ್ಲ.

ಅಪ್ರೆಂಟಿಸ್ ಮತ್ತು ಟ್ರೈನಿ ಎರಡೂ ಒಂದೇ ಎಂದುಕೊಳ್ಳುವುದು ಇನ್ನೊಂದು ತಪ್ಪು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರು ತರಬೇತಿಯಲ್ಲಿರುವವರೇ ಹೊರತು ಕಾರ್ಮಿಕರಲ್ಲ. ಅವರಿಗೆ ಬರುವುದು ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ. ಪಿಎಫ್ ಕಡಿತ ಇರುವುದಿಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು, ಒಪ್ಪಂದದಲ್ಲಿ ಬರೆಯದ ಹೊರತು, ಕಂಪನಿಗಿಲ್ಲ. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. ಕೊನೆಗೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಮುಂದಿನ ನೇಮಕಾತಿಗಳಲ್ಲಿ ಬೆಲೆಯಿದೆ. ಈ ನೋಂದಣಿ ಇಲ್ಲದೆ ‘ಟ್ರೈನಿ’ ಎಂದು ಕರೆದು ಪೂರ್ತಿ ಶಿಫ್ಟ್ ಉತ್ಪಾದನೆಯಲ್ಲಿ ದುಡಿಸಿಕೊಂಡು, ಸ್ಟೈಪೆಂಡ್ ಹೆಸರಲ್ಲಿ ಕಡಿಮೆ ಹಣ ಕೊಡುವುದು ನಡೆಯುತ್ತಿದೆ. ಆ ಹುಡುಗನಿಗೆ ಕಾರ್ಮಿಕನ ಹಕ್ಕೂ ಇಲ್ಲ, ಅಪ್ರೆಂಟಿಸ್ ಪ್ರಮಾಣಪತ್ರವೂ ಇಲ್ಲ. ಆದ್ದರಿಂದ ಸೇರುವ ಮೊದಲೇ ಒಪ್ಪಂದದ ನೋಂದಣಿ ಸಂಖ್ಯೆ ಕೇಳಬೇಕು. ಜಿಇಟಿ (ಗ್ರಾಜುಯೇಟ್ ಎಂಜಿನಿಯರ್ ಟ್ರೈನಿ), ಡಿಇಟಿ (ಡಿಪ್ಲೊಮಾ ಎಂಜಿನಿಯರ್ ಟ್ರೈನಿ) ಎಂದು ಎಂಜಿನಿಯರಿಂಗ್, ಡಿಪ್ಲೊಮಾ ಮಕ್ಕಳನ್ನು ತೆಗೆದುಕೊಳ್ಳುವಲ್ಲಿ ಕೇಳಬೇಕಾದದ್ದು ಬಾಂಡ್ ಎಷ್ಟು ವರ್ಷದ್ದು, ಮಧ್ಯೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂಬುದು.

ಟ್ರೇಡ್ ಹೆಸರುಗಳಲ್ಲೂ ವ್ಯತ್ಯಾಸವಿದೆ. ಆಪರೇಟರ್ ಯಂತ್ರ ನಡೆಸುವವನು, ಟೆಕ್ನಿಷಿಯನ್ ಅದನ್ನು ರಿಪೇರಿ ಮಾಡುವವನು. ಫಿಟ್ಟರ್ ಕಲಿತವನು ಆಪರೇಟರ್ ಆಗಿ ಸೇರಿದರೆ ಎರಡು ವರ್ಷದ ಅನುಭವ ಫಿಟ್ಟರ್ ಅನುಭವವೆಂದು ಲೆಕ್ಕಕ್ಕೆ ಬರುವುದು ಕಷ್ಟ. ವಿವರಣೆಯಲ್ಲಿ ‘ಬ್ರೇಕ್‌ಡೌನ್ ಮೇಂಟೆನೆನ್ಸ್’ ಎಂದಿದ್ದರೆ ರಾತ್ರಿ ಪಾಳಿ ಗ್ಯಾರಂಟಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ‘ಬಾಯ್ಲರ್ ಹೆಲ್ಪರ್’ ಎಂದು ಸೇರುವವರು ಎಚ್ಚರದಿಂದಿರಬೇಕು. ಬಾಯ್ಲರ್ ನಡೆಸಲು ಸಕ್ಷಮತಾ ಪ್ರಮಾಣಪತ್ರ ಪಡೆದ ಅಟೆಂಡೆಂಟ್ ಇರಲೇಬೇಕು. ಹೆಲ್ಪರ್ ಕೈಗೆ ಬಾಯ್ಲರ್ ಒಪ್ಪಿಸಿ ಹೋಗುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ.

ಕಚೇರಿ ಹೆಸರಿನ ಹುದ್ದೆಗಳಿಗೆ ಬಂದರೆ, ‘ಪ್ರೋಸೆಸ್ ಅಸೋಸಿಯೇಟ್, ವಾಯ್ಸ್’ ಎಂದರೆ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸ. ಸಂಬಳದ ಜಾಗದಲ್ಲಿ ‘ಅನ್‌ಲಿಮಿಟೆಡ್ ಅರ್ನಿಂಗ್’ ಎಂದು ಬರೆದ ‘ಫೈನಾನ್ಶಿಯಲ್ ಅಡ್ವೈಸರ್’ ಸಾಮಾನ್ಯವಾಗಿ ವಿಮೆಯ ಕಮಿಷನ್ ಏಜೆಂಟ್, ಅಲ್ಲಿ ತಿಂಗಳ ಸಂಬಳವೇ ಇರುವುದಿಲ್ಲ. ಹೆಚ್ಚು ಯೋಚಿಸಬೇಕಾದದ್ದು ‘ಕಸ್ಟಮರ್ ರಿಲೇಶನ್‌ಶಿಪ್ ಆಫೀಸರ್’, ‘ಫೀಲ್ಡ್ ಆಫೀಸರ್’ ಎಂಬ ಸಾಲದ ಸಂಸ್ಥೆಗಳ ಹುದ್ದೆಗಳ ಬಗ್ಗೆ. ಪಿಯುಸಿ ಮುಗಿಸಿ ಬೈಕ್ ಇದ್ದವರನ್ನು ಹುಡುಕುತ್ತಿದ್ದಾರೆಂದರೆ ಕೆಲಸದ ಬಹುಪಾಲು ಹಳ್ಳಿಗಳಲ್ಲಿ ಮಹಿಳಾ ಗುಂಪುಗಳ ಕಂತು ವಸೂಲಿ. ಪೆಟ್ರೋಲ್ ಖರ್ಚು ಕಿಲೋಮೀಟರ್‌ಗೆ ಎಷ್ಟು, ವಸೂಲಾದ ನಗದು ಕಡಿಮೆ ಬಿದ್ದರೆ ಯಾರು ಭರಿಸಬೇಕು, ಕಂತು ಬಾರದ ತಿಂಗಳು ಸಂಬಳ ಹಿಡಿಯುತ್ತಾರೆಯೇ ಎಂಬ ಮೂರನ್ನು ಬರಹದಲ್ಲಿ ಪಡೆಯಬೇಕು. ಸಂಸ್ಥೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾಗಿದೆಯೇ ಎಂದೂ ನೋಡಬೇಕು. ನೋಂದಣಿ, ಪರವಾನಗಿ ಇಲ್ಲದವರ ಬಲವಂತದ ವಸೂಲಿಗೆ ರಾಜ್ಯದ 2025ರ ಕಾನೂನು 10 ವರ್ಷದವರೆಗೆ ಜೈಲು ಶಿಕ್ಷೆ ಇಟ್ಟಿದೆ. ಸಾಲಗಾರರ ಮನೆ ಬಾಗಿಲಲ್ಲಿ ನಿಲ್ಲುವುದು ಆಫೀಸರ್ ಎಂಬ ಬ್ಯಾಡ್ಜ್ ಹಾಕಿಕೊಂಡ ನಮ್ಮ ಹುಡುಗನೇ.

ಇನ್ನು ಸಂಬಳ. ಸಿಟಿಸಿ ಎಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ‘ಸಿಟಿಸಿ 2.40 ಲಕ್ಷ’ ಎಂದರೆ ತಿಂಗಳಿಗೆ 20,000 ಕೈಗೆ ಬರುತ್ತದೆ ಎಂದಲ್ಲ. ಬೇಸಿಕ್ (ಮೂಲ ವೇತನ) 10,000 ಎಂದು ಹಿಡಿಯೋಣ. ಕಂಪನಿ ಕಟ್ಟುವ ಪಿಎಫ್ ಶೇ 12ರಂತೆ 1,200, ಗ್ರಾಚ್ಯುಟಿ ಶೇ 4.81ರಂತೆ 481, ಒಟ್ಟು ಸಂಬಳದ ಮೇಲೆ ಇಎಸ್‌ಐ (ನೌಕರರ ವೈದ್ಯಕೀಯ ವಿಮೆ) ಶೇ 3.25ರಂತೆ ಸುಮಾರು 577 ಆ 20,000ದೊಳಗೇ ಸೇರಿರುತ್ತವೆ. ಉಳಿಯುವ ಒಟ್ಟು ಸಂಬಳ ಸುಮಾರು 17,740. ಅದರಲ್ಲಿ ನೌಕರನ ಪಾಲಿನ ಪಿಎಫ್ 1,200, ಇಎಸ್‌ಐ ಶೇ 0.75ರಂತೆ 133 ಕಳೆದರೆ ಕೈಗೆ ಬರುವುದು ಸುಮಾರು 16,400. ಸಿಟಿಸಿಯ ಶೇ 10ರಷ್ಟು ‘ವೇರಿಯಬಲ್ ಪೇ’ (ಗುರಿ ಮುಟ್ಟಿದರಷ್ಟೇ ಸಿಗುವ ಭಾಗ) ಇದ್ದರೆ ತಿಂಗಳಿಗೆ ಇನ್ನೂ 2,000ದಷ್ಟು ಕಡಿಮೆ. ಬಸ್, ಕ್ಯಾಂಟೀನ್ ಕಡಿತ ಬೇರೆ. ‘12 ಗಂಟೆ ಡ್ಯೂಟಿ, 18,000’ ಎಂಬ ಜಾಹೀರಾತಿನ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಹೆಚ್ಚುವರಿ 4 ಗಂಟೆಗೆ ಕಾನೂನಿನಂತೆ ದುಪ್ಪಟ್ಟು ದರ ಹಿಡಿದರೆ ದಿನಕ್ಕೆ 16 ಗಂಟೆಯ ಕೂಲಿ ಆಗುತ್ತದೆ. ಅಂದರೆ 8 ಗಂಟೆಯ ಕೆಲಸಕ್ಕೆ ತಿಂಗಳಿಗೆ ಕೊಡುತ್ತಿರುವುದು 9,000 ಮಾತ್ರ. ಆ ಕೆಲಸದ ಕನಿಷ್ಠ ವೇತನದ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಬೇಕು.

ಸರ್ಕಾರಿ ಅಧಿಸೂಚನೆಗಳಲ್ಲಿ ಹುದ್ದೆಯ ಹೆಸರಿಗಿಂತ ವೃಂದ, ಅಂದರೆ ಆ ಹುದ್ದೆ ಯಾವ ಪ್ರದೇಶದ ಗುಂಪಿಗೆ ಸೇರಿದೆ ಎಂಬುದು ಮುಖ್ಯ. ಸಂವಿಧಾನದ 371(ಜೆ) ವಿಧಿಯಡಿಯ ಕಲ್ಯಾಣ ಕರ್ನಾಟಕ ವೃಂದಕ್ಕೆ, ಸ್ಥಳೀಯರೆಂದು ಉಪವಿಭಾಗಾಧಿಕಾರಿ ಕೊಡುವ ಪ್ರಮಾಣಪತ್ರ ಕೊನೆ ದಿನದೊಳಗೆ ಕೈಯಲ್ಲಿರಬೇಕು. ‘ಹೊರಗುತ್ತಿಗೆ’ ಎಂದಿದ್ದರೆ ನೇಮಕ ಮಾಡುವುದು ಏಜೆನ್ಸಿ, ಇಲಾಖೆ ಅಲ್ಲ. ಎಲ್ಲಿಯೇ ಆಗಲಿ, ಮೂಲ ಅಂಕಪಟ್ಟಿ ತೋರಿಸಿ ವಾಪಸ್ ತರಬೇಕು, ನೋಂದಣಿ, ಸಮವಸ್ತ್ರ, ಲ್ಯಾಪ್‌ಟಾಪ್ ಠೇವಣಿ ಎಂದು ಮೊದಲೇ ಹಣ ಕೇಳುವವರಿಗೆ ಕೊಡಬಾರದು.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ಉದ್ಯೋಗದ ಕಿರು ಜಾಹೀರಾತು ಪಡೆಯುವಾಗ ಸಂಬಳ ಕೊಡುವ ಸಂಸ್ಥೆಯ ನೋಂದಾಯಿತ ಹೆಸರು, ಕೆಲಸದ ಊರು, ಪಾಳಿ ಎಷ್ಟು ಗಂಟೆಯದು, ಕಡಿತದ ನಂತರ ಕೈಗೆ ಬರುವ ಮೊತ್ತ, ಈ ನಾಲ್ಕನ್ನು ಕಡ್ಡಾಯ ಮಾಡಿ. ಬರಿ ಮೊಬೈಲ್ ಸಂಖ್ಯೆ ಇರುವ ಜಾಹೀರಾತನ್ನು ದಯವಿಟ್ಟು ಪ್ರಕಟಿಸಬೇಡಿ. ಮೂರೂ ಜಿಲ್ಲೆಗಳ ಉದ್ಯೋಗ ವಿನಿಮಯ ಕಚೇರಿಗಳು ಉದ್ಯೋಗ ಮೇಳ ನಡೆಸುವಾಗ ಪ್ರತಿ ಮಳಿಗೆಯ ಮುಂದೆ ಇದೇ ನಾಲ್ಕು ವಿವರಗಳ ಕನ್ನಡ ಫಲಕ ಹಾಕಿಸಲಿ. ಅಪ್ರೆಂಟಿಸ್, ಟ್ರೈನಿ, ಕಂಟ್ರಾಕ್ಟ್, ಕಾಯಂ, ಇವುಗಳಲ್ಲಿ ಯಾವುದು ಎಂಬುದನ್ನೂ ಆ ಫಲಕದಲ್ಲೇ ಬರೆಯಿಸಲಿ.

– ಐಟಿಐ ಪ್ಲೇಸ್‌ಮೆಂಟ್ ವಿಭಾಗದ ತರಬೇತಿ ಅಧಿಕಾರಿಗಳು, ಕೊಪ್ಪಳ