ಸಾಹೇಬರೇ, ಆ ಕಲ್ಲನ್ನು ಒಮ್ಮೆ ಓದಿ

ಸಂಪಾದಕರೇ,

ಸೊಲ್ಲಾಪುರದ ನಮ್ಮ ಗಲ್ಲಿಯ ಗುಂಡಿಯಲ್ಲಿ ಸಿಕ್ಕ ಹಳೆ ಶಾಸನದ ಕಲ್ಲಿನ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂತು. ಪಾಲಿಕೆಯ ಸಾಹೇಬರು ಪಕ್ಕದಲ್ಲಿ ನಗುತ್ತ ನಿಂತಿದ್ದಾರೆ, ಚೆನ್ನಾಗಿದೆ. ಅವರು ಕಾರು ಹತ್ತಿ ಹೋದ ಹತ್ತೇ ನಿಮಿಷಕ್ಕೆ ಅದೇ ಕಲ್ಲನ್ನು ಜೆಸಿಬಿಯಿಂದ ಗಟಾರದ ಅಂಚಿಗೆ ಉರುಳಿಸಿದರು. ಅದು ಮಾತ್ರ ಸುದ್ದಿಯಲ್ಲಿ ಇಲ್ಲ.

ಪೈಪ್ ಹಾಕುತ್ತೇವೆ ಅಂತ ಅಗೆದು ಹದಿನೇಳು ದಿನ ಆಯ್ತು. ಮನೆಯೊಳಗೆ ಹೋಗಬೇಕಾದರೆ ಹಲಗೆ ಮೇಲೆ ಸರ್ಕಸ್. ಗ್ಯಾಸ್‌ನವನು ಸಿಲಿಂಡರನ್ನು ಮೂಲೆಯಲ್ಲೇ ಇಳಿಸಿ ಹೋಗುತ್ತಾನೆ, ಮಂಡಿನೋವು ಇಟ್ಟುಕೊಂಡು ನಾನೇ ಉರುಳಿಸಿಕೊಂಡು ಬರಬೇಕು. ನಳದ ನೀರು ಮೊದಲೇ ನಾಲ್ಕು ದಿನಕ್ಕೊಮ್ಮೆ, ಈಗ ಅದರ ಜೊತೆ ಕರಿಮಣ್ಣು ಫ್ರೀ.

ಆ ನೀರಲ್ಲೇ ಒಂದು ಚೊಂಬು ಖರ್ಚು ಮಾಡಿ ಕಲ್ಲು ತೊಳೆದು ನೋಡಿದೆ. ಮೇಲೆ ಚಂದ್ರ, ಸೂರ್ಯ. ಕೆಳಗೆ ಸವೆದ ಒಂದೂವರೆ ಸಾಲು, ದುಂಡಗಿನ ನಮ್ಮ ಅಕ್ಷರವೇ. ನನಗೆ ಓದಲು ಬಂದದ್ದು ಒಂದು 'ಶ್ರೀ' ಅಷ್ಟೆ. ಇಲ್ಲಿಗೆ ಕನ್ನಡ ಎಲ್ಲಿಂದ ಬಂತು ಅಂತ ಗುತ್ತಿಗೆದಾರ ಕೇಳಿದ. ಇದು ಸೊನ್ನಲಿಗೆಯಪ್ಪಾ, ಸೊಲ್ಲಾಪುರದ ಹಳೆ ಹೆಸರೇ ಅದು! 12ನೇ ಶತಮಾನದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿ, ಊರ ಸುತ್ತ 68 ಲಿಂಗ ಸ್ಥಾಪಿಸಿ, ಕನ್ನಡದಲ್ಲಿ ವಚನ ಹೇಳಿದ ಊರು. ಕೋಟೆಯೊಳಗೆ ಹಳೆಯ ಗುಡಿಯ ಅವಶೇಷ ಇವತ್ತಿಗೂ ಇದೆ. ಸಂಕ್ರಾಂತಿಗೆ ಸಿದ್ಧರಾಮನ ಜಾತ್ರೆ ಬಂದರೆ ಪೇಟ ಸುತ್ತಿಕೊಂಡು ಏಳು ನಂದಿಧ್ವಜದ ಹಿಂದೆ ಹೋಗುವ ಸಾಹೇಬರಿಗೆ ಇದೆಲ್ಲ ಗೊತ್ತಿಲ್ವಾ?

ಇಲ್ಲೇ ನಮ್ಮ ಜಿಲ್ಲೆಯ ಹತ್ತರಸಂಗ ಕೂಡಲದ ಸಂಗಮೇಶ್ವರ ಗುಡಿಯಲ್ಲಿ 1018ರ ಮರಾಠಿ ಶಾಸನ ಇದೆ. ಇದನ್ನು ಓದಿದವನು ಗೆಲ್ಲುತ್ತಾನೆ ಅಂತ ಅದರಲ್ಲಿ ಬರೆದಿದೆ. ನಮ್ಮ ಸಾಹೇಬರುಗಳು ಅರ್ಜಿಯನ್ನೂ ಓದುವುದಿಲ್ಲ, ಆದರೂ ಬಡ್ತಿಯ ಮೇಲೆ ಬಡ್ತಿ. ಮೂರು ವರ್ಷದ ಹಿಂದೆ ಬೀದಿದೀಪಕ್ಕೆ ಕನ್ನಡದಲ್ಲಿ ಅರ್ಜಿ ಕೊಟ್ಟೆ, ಮರಾಠಿಯಲ್ಲಿ ತನ್ನಿ ಅಂದರು. ಮರಾಠಿಯಲ್ಲಿ ಕೊಟ್ಟೆ, ಫಾರ್ಮ್ ಬದಲಾಗಿದೆ ಅಂದರು. ದೀಪ ಇನ್ನೂ ಬಂದಿಲ್ಲ. ಪಕ್ಕದ ಮನೆ ಕಾಕಾ ಮೊನ್ನೆ ರಾತ್ರಿ ಗುಂಡಿಗೆ ಬಿದ್ದದ್ದು ಅದಕ್ಕೇ.

ಗುಂಡಿ ನಾಳೆಯೇ ಮುಚ್ಚಬೇಕು. ಹಳಗನ್ನಡ ಓದುವವರನ್ನು ಕರೆಸಿ ಕೆಳಗೆ ಇನ್ನೇನಿದೆ ಅಂತ ತೋರಿಸುವ ತನಕ ಮುಚ್ಚಲೂ ಬಾರದು. ಎರಡೂ ಹೇಗೆ ಅಂತ ನನ್ನನ್ನು ಕೇಳಬೇಡಿ, ಸಂಬಳ ತಗೊಳ್ಳುವವರು ಅವರು. ಇವತ್ತು ಬೆಳಿಗ್ಗೆ ಆ ಕಲ್ಲಿನ ಮೇಲೆ ಸಿಮೆಂಟ್ ಕಲಸುತ್ತಿದ್ದರು. ನಾಚಿಕೆ ಆಗಬೇಕು.

ಓದುಗರೊಬ್ಬರು, ಸೊಲ್ಲಾಪುರ