ಸೀಡರ್ ಬೇಲಿಗೆ ಗೋಣಿ ಕಟ್ಟುವುದು: ಈ ಶನಿವಾರ

ಎಲ್ಲರಿಗೂ ನಮಸ್ಕಾರ.

ಶನಿವಾರ ಬೆಳಿಗ್ಗೆ 10ಕ್ಕೆ ನಮ್ಮ ತೋಟದ ಸೀಡರ್ (ಬೇಲಿಗೆ ಬೆಳೆಸುವ, ಸದಾ ಹಸಿರಾಗಿರುವ ಥುಜಾ ಮರ) ಸಸಿಗಳಿಗೆ ಗೋಣಿ ಕಟ್ಟುತ್ತೇವೆ. ಈ ವರ್ಷ ಮನೆ ಮುಂದೆ ಸೀಡರ್ ನೆಟ್ಟವರೂ ಗಮನಿಸಿ.

ನಮ್ಮ ಕೆನಡಾದ ಒಟ್ಟಾವಾ ನಗರದ ಚಳಿ ಈ ಮರಕ್ಕೆ ಲೆಕ್ಕಕ್ಕಿಲ್ಲ, ಮೈನಸ್ 40 ಡಿಗ್ರಿಗೂ ಜಗ್ಗುವುದಿಲ್ಲ. ಎಳೆ ಗಿಡ ಒಣಗುವುದು ನೀರಿಲ್ಲದೆ. ಚಳಿಗಾಲದ ಬಿಸಿಲು, ಗಾಳಿಗೆ ಎಲೆಯಿಂದ ನೀರು ಆರುತ್ತಲೇ ಇರುತ್ತದೆ. ಹೆಪ್ಪುಗಟ್ಟಿದ ನೆಲದಿಂದ ಬೇರಿಗೆ ಏನೂ ಸಿಗುವುದಿಲ್ಲ. ಮಾರ್ಚಿನಲ್ಲಿ ರಸ್ತೆ ಕಡೆಯ ತುದಿಗಳು ಕಂದಾಗಿರುವುದನ್ನು ನೋಡಿರುತ್ತೀರಿ, ಅಲ್ವಾ? ಅಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನ ಕಾಟವೂ ಜಾಸ್ತಿ.

ನೆಲ ಗಟ್ಟಿಯಾಗುವ ಮೊದಲು ಬುಡಕ್ಕೆ ನಿಧಾನವಾಗಿ, ಆಳಕ್ಕಿಳಿಯುವಂತೆ ನೀರು ಬಿಡಿ. ಮರದ ಚೂರು ಹರಡಿ, ಕಾಂಡಕ್ಕೆ ತಾಗಿಸಬೇಡಿ. ಗೋಣಿಯನ್ನು ಗೂಟಕ್ಕೆ ಕಟ್ಟಿ. ಪ್ಲಾಸ್ಟಿಕ್ ಬೇಡವೇ ಬೇಡ, ಬಿಸಿಲು ಬಂದರೆ ಗಿಡ ಒಳಗೇ ಬೇಯುತ್ತದೆ. ಗೂಟಕ್ಕೆ ಹಳೇ ಬೇಲಿಯ ಸೀಡರ್ ಕಂಬಗಳೇ ಸಾಕು, ಈ ಮರ ಬೇಗ ಕೊಳೆಯುವುದಿಲ್ಲ.

ಮತ್ತೊಂದು ಮಾತು. 1536ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೆಯ ಹಡಗಿನವರ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ವಾಸಿ ಮಾಡಿದ್ದು ಇದೇ ಮರದ ಕಷಾಯ ಅಂತಾರೆ. ಹಾಗಂತ ಸುಮ್ನೆ ಯಾರೂ ಕುದಿಸಿ ಕುಡಿಯಬೇಡಿ. ಇದರಲ್ಲಿರುವ ಥುಜೋನ್ ಎಂಬ ರಾಸಾಯನಿಕ ಜಾಸ್ತಿಯಾದರೆ ವಿಷ.

ಬಾಸ್ಮತಿ ಅಕ್ಕಿಯ ಗೋಣಿಚೀಲ ಇದ್ದವರು ಹೊಲಿಗೆ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ತೆಗೆದು ತನ್ನಿ. ಯಾರು ಬರುತ್ತೀರಿ, ಎಷ್ಟು ಚೀಲ ತರುತ್ತೀರಿ ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ.