ಸಮಾಳದ ಪೆಟ್ಟು ಕೀಬೋರ್ಡಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಕೀಬೋರ್ಡು, ರಿದಮ್ ಪ್ಯಾಡು ಬಂದ ಮೇಲೆ ಸಂಗೀತ ಕೆಟ್ಟಿತು ಎಂಬ ಮಾತು ನಮ್ಮ ದಾವಣಗೆರೆಯಲ್ಲಿ ಪದೇ ಪದೇ ಕೇಳಿಬರುತ್ತದೆ. ಮದುವೆ ಮನೆಗಳಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಯೇ ಸಂಸಾರ ನಡೆಸುವ ನನಗೆ ಅದು ನೋವಿನ ಮಾತು. ತಪ್ಪು ಯಂತ್ರದ್ದಲ್ಲ ಎನ್ನಲು ಜಮೈಕಾದ ಒಂದು ಸಂಗತಿಯನ್ನು ಓದುಗರ ಮುಂದಿಡುತ್ತೇನೆ.

ಜಪಾನಿನ ಕ್ಯಾಸಿಯೊ ಕಂಪನಿ 1981ರಲ್ಲಿ ಎಂಟಿ-40 ಎಂಬ ಪುಟ್ಟ ಕೀಬೋರ್ಡನ್ನು ಮಾರಾಟಕ್ಕೆ ತಂದಿತು. ಅದರೊಳಗಿನ ತಾಳಗಳನ್ನು ಕೂಡಿಸಿದ್ದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹಿರೋಕೊ ಒಕುಡಾ ಎಂಬ ಯುವತಿ. ಆ ತಾಳಗಳಲ್ಲಿ ‘ರಾಕ್’ ಎಂಬುದೊಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಸಂಗೀತಗಾರ ನೋಯಲ್ ಡೇವಿ ಮತ್ತು ಗಾಯಕ ವೇಯ್ನ್ ಸ್ಮಿತ್ ಅವರನ್ನು ಹಿಡಿದು ನಿಲ್ಲಿಸಿತು. ಇಬ್ಬರೂ ಆ ಕೀಬೋರ್ಡನ್ನು ವಾಟರ್‌ಹೌಸ್ ಬಡಾವಣೆಯ ಸಂಗೀತ ನಿರ್ಮಾಪಕ ಕಿಂಗ್ ಜಾಮಿಯ ಸ್ಟುಡಿಯೊಗೆ ಒಯ್ದರು. ಜಾಮಿ ಆ ತಾಳವನ್ನು ಇದ್ದ ಹಾಗೆಯೇ ಬಳಸಲಿಲ್ಲ. ತಾಳದ ಓಟವನ್ನು ತಗ್ಗಿಸಿದರು, ಗಾಯಕನ ಶ್ರುತಿಗೆ ಹೊಂದಿಸಿದರು, ಮೇಲೆ ಪಿಯಾನೊ ಸೇರಿಸಿದರು. 1985ರ ಫೆಬ್ರವರಿಯಲ್ಲಿ, ಎದುರಾಳಿ ಸೌಂಡ್ ಸಿಸ್ಟಮ್ (ದೊಡ್ಡ ಸ್ಪೀಕರ್ ಹೂಡಿ ಜನರ ಮುಂದೆ ಹಾಡು ಹಾಕುವ ತಂಡ) ಬ್ಲ್ಯಾಕ್ ಸ್ಕಾರ್ಪಿಯೊ ಜೊತೆಗಿನ ಪೈಪೋಟಿಯಲ್ಲಿ ಅದು ಮೊಳಗಿದ ಮೇಲೆ ಡ್ಯಾನ್ಸ್‌ಹಾಲ್ ರೆಗೆ ಎಂಬ ಅಲ್ಲಿನ ಕುಣಿತದ ಸಂಗೀತದ ದಿಕ್ಕೇ ತಿರುಗಿತು. ‘ಸ್ಲೆಂಗ್ ಟೆಂಗ್’ ಎಂದು ಹೆಸರಾದ ಆ ರಿಡಿಮ್ (ಹಾಡಿಗೆ ಆಧಾರವಾಗುವ ತಾಳ-ಬೇಸ್ ಹಿನ್ನೆಲೆ) ಮೇಲೆ ನೂರಾರು ಹಾಡುಗಳು ಬಂದಿವೆ. ಒಂದೇ ಧಾಟಿಗೆ ಹತ್ತು ಬಗೆಯ ಪದ ಕಟ್ಟುವುದು ಕಂಪನಿ ನಾಟಕ ಕಂಡ ನಮ್ಮೂರಿನವರಿಗೆ ಹೊಸದೇನಲ್ಲ.

ಬೇಸ್ ಮತ್ತು ಡ್ರಮ್ ವಾದಕರಿಗೆ ಅಲ್ಲಿ ಸ್ಟುಡಿಯೊ ಕೆಲಸ ತಪ್ಪಿದ್ದೂ ನಿಜ. ತಬಲಾ, ಢೋಲಕ್ ನುಡಿಸುತ್ತಿದ್ದ ನನ್ನ ಗೆಳೆಯರು ಇಲ್ಲಿ ಬೇರೆ ದುಡಿಮೆ ಹುಡುಕಿಕೊಂಡದ್ದನ್ನು ಕಂಡಿದ್ದೇನೆ. ಆ ನಷ್ಟವನ್ನು ಸಣ್ಣದು ಎನ್ನಲಾರೆ. ಆದರೆ ಮುಂದೆ ಜಮೈಕಾದ ಡಿಜಿಟಲ್ ರಿಡಿಮ್‌ಗಳನ್ನು ಬೆಳೆಸಿದ ಸ್ಟೀಲಿ ಮತ್ತು ಕ್ಲೀವಿ ಜೋಡಿಯನ್ನು ನೋಡಿ. ಕ್ಲೀವಿ ಸ್ವತಃ ಡ್ರಮ್ ವಾದಕ. ಕೈಯಲ್ಲಿ ಪೆಟ್ಟು ಬಲ್ಲವನೇ ಡ್ರಮ್ ಮಷೀನಿನ ಮುಂದೆ ಕುಳಿತದ್ದರಿಂದ ಆ ತಾಳಗಳಿಗೆ ಅವರ ನೆಲದ ನಡೆ ಬಂತು.

ನಮ್ಮಲ್ಲಿ ಆಗದಿರುವುದು ಇದೇ. ನಮ್ಮ ಹುಡುಗರು ಹೊರಗಿನಿಂದ ಪೆನ್‌ಡ್ರೈವಿನಲ್ಲಿ ತರಿಸಿದ ಟೋನ್‌ಗಳನ್ನು ಹಾಕಿ ಗುಂಡಿ ಒತ್ತುತ್ತಾರೆ. ದುರ್ಗಾಂಬಿಕಾ ಜಾತ್ರೆಯ ವೇದಿಕೆಯಲ್ಲಿಯೂ ಅದೇ ಸಿನಿಮಾ ತಾಳ. ವೀರಗಾಸೆಗೆ ಕಾಲು ತಾನಾಗಿ ಎದ್ದೇಳುವಂತೆ ಮಾಡುವ ಸಮಾಳವೆಂಬ ಚರ್ಮವಾದ್ಯದ ನಡೆ ಯಾರ ಕೀಬೋರ್ಡಿನಲ್ಲೂ ನನಗೆ ಸಿಕ್ಕಿಲ್ಲ. ಹುಡುಗರನ್ನು ಬೈದು ಫಲವಿಲ್ಲ, ಅವರ ಕೈಗೆ ಅದನ್ನು ಕೊಟ್ಟವರು ಯಾರು?

ನಮ್ಮ ಊರಿನಲ್ಲೇ ವೃತ್ತಿ ರಂಗಭೂಮಿ ರಂಗಾಯಣ ಎಂಬ ಸರ್ಕಾರಿ ರಂಗಸಂಸ್ಥೆಯಿದೆ. ಅದು ಸಮಾಳ, ನಂದಿಕೋಲು, ಡೊಳ್ಳಿನ ಹಿರಿಯ ವಾದಕರನ್ನು ಸ್ಟುಡಿಯೊಗೆ ಕರೆಸಿ, ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಧ್ವನಿಮುದ್ರಿಸಿ, ಪ್ಯಾಡಿಗೆ ಹಾಕಿಕೊಳ್ಳಲು ಬರುವಂತೆ ಯುವ ವಾದಕರಿಗೆ ಒದಗಿಸಬೇಕೆಂದು ಕೋರುತ್ತೇನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದಕ್ಕೆ ಹಣ ನೀಡಲಿ. ಹಿರಿಯರಿಗೆ ಶಾಲು, ಹಾರ ಹಾಕಿ ಕಳುಹಿಸದೆ ಸರಿಯಾದ ಸಂಭಾವನೆ ಕೊಡಲಿ. ಪ್ರತಿ ಕಡತದಲ್ಲೂ ನುಡಿಸಿದವರ ಹೆಸರು, ಊರು ಇರಲಿ. ಧ್ವನಿಗಳನ್ನು ಕೀಬೋರ್ಡಿಗೆ ಹೊಂದಿಸುವ ಕೆಲಸಕ್ಕೆ ನಾನು ಸಂಭಾವನೆಯಿಲ್ಲದೆ ಬಂದು ಕೂರುತ್ತೇನೆ.

— ಒಬ್ಬ ಕೀಬೋರ್ಡ್ ವಾದಕ, ನಿಟುವಳ್ಳಿ, ದಾವಣಗೆರೆ